ಮೊದಲು ನಮ್ಮ ಬೀರು ಖಾಲಿಯಾಗಲಿ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಒಂದು ಕೋರಿಕೆಯನ್ನು ಮುಂದಿಟ್ಟ. ಬೆಂಗಳೂರಿನಲ್ಲಿ ಒಂದೇ ಮಲಗುವ ಕೋಣೆಯ ಫ್ಲ್ಯಾಟಿನಲ್ಲಿ ಅವನು, ಅವನ ಹೆಂಡತಿ ಮತ್ತು ಮಗು ವಾಸವಾಗಿದ್ದಾರೆ. ಊರಿನ ಮನೆಯನ್ನು ಖಾಲಿ ಮಾಡಿ ತಂದೆತಾಯಿಗಳು ಅಲ್ಲಿಗೆ ಬರುವವರಿದ್ದಾರೆ. "ಸಾರ್, ಅಮ್ಮ ಹಳೆಯ ಪಾತ್ರೆಗಳನ್ನೆಲ್ಲ ತರುತ್ತೇನೆಂದು ಹಟ ಹಿಡಿದಿದ್ದಾರೆ. ನಮ್ಮ ಮಾತು ಕೇಳುವುದಿಲ್ಲ. ನಿಮ್ಮ ಮೇಲೆ ಅವರಿಗೆ ಬಹಳ ಗೌರವ. ಸಾಮಾನು ಕಡಿಮೆ ಮಾಡಿ ಎಂದು ನೀವೊಂದು ಮಾತು ಹೇಳಿ" ಎಂದ. ಹೇಳುವುದಿಲ್ಲ ಎಂದೆ. ಅವನಿಗೆ ಬೇಸರವಾಗಿರಬೇಕು. ಕಾರಣವನ್ನು ಆಗ ವಿವರಿಸಲಾಗಲಿಲ್ಲ, ಈಗ ಬರೆಯುತ್ತಿದ್ದೇನೆ. ಇದೇ ಸ್ಥಿತಿಯಲ್ಲಿರುವವರು ನಿಮ್ಮಲ್ಲಿ ಇನ್ನೂ ಹಲವರಿರುವುದರಿಂದ ಎಲ್ಲರಿಗೂ ಸೇರಿಸಿಯೇ ಹೇಳಿಬಿಡುತ್ತೇನೆ.

ಚಿಕ್ಕ ಮನೆಯಲ್ಲಿ ಸಾಮಾನು ಕಡಿಮೆಯಿರಬೇಕು ಎಂಬುದರಲ್ಲಿ ನನಗೆ ಎರಡನೆಯ ಮಾತಿಲ್ಲ. ನನ್ನ ತಕರಾರು ಇರುವುದು ಯಾರ ಸಾಮಾನು ಮೊದಲು ಹೊರಗೆ ಹೋಗುತ್ತದೆ, ಅದನ್ನು ಯಾರು ನಿರ್ಧರಿಸುತ್ತಾರೆ ಎಂಬುದರ ಬಗ್ಗೆ.

ಚಿಕ್ಕ ಮನೆಯೆಂಬುದು ಈಗ ಒಂದು ಆದರ್ಶವಾಗಿದೆ. ಅಮೆರಿಕದಲ್ಲಿ ಅದೊಂದು ಚಳವಳಿಯೇ ಆಗಿ, ಅಟ್ಟವನ್ನು ಬಿಟ್ಟು 400 ಚದರಡಿ ಅಥವಾ ಅದಕ್ಕಿಂತ ಕಡಿಮೆಯಿರುವುದೇ 'ಪುಟ್ಟ ಮನೆ' ಎಂದು 2018ರ ಕಟ್ಟಡ ಸಂಹಿತೆಯ ಅನುಬಂಧದಲ್ಲಿ ವ್ಯಾಖ್ಯೆಯನ್ನೂ ಕೊಟ್ಟರು. ಮುಂಬಯಿಯಲ್ಲಿ 1920ರ ದಶಕದಲ್ಲಿ ಕಟ್ಟಿದ ಬಿ.ಡಿ.ಡಿ. ಚಾಳುಗಳ 160 ಚದರಡಿಯ ಒಂದೊಂದು ಖೋಲಿಯಲ್ಲಿ ತಲೆಮಾರುಗಳ ಕಾಲ ಇಡೀ ಕುಟುಂಬಗಳು ಬದುಕಿವೆ. ಅದನ್ನು ಯಾರೂ ಚಳವಳಿಯೆಂದು ಕರೆಯಲಿಲ್ಲ. ಬೇಕೆಂದು ಚಿಕ್ಕ ಮನೆಗೆ ಹೋಗುವವನಿಗೂ ಬೇರೆ ದಾರಿಯಿಲ್ಲದೆ ಹೋಗುವವನಿಗೂ ಒಂದೇ ಉಪದೇಶ ಹೊಂದುವುದಿಲ್ಲ.

ಈ ಆದರ್ಶದ ಮೂಲಪುರುಷನೆಂದು ಹೆನ್ರಿ ಡೇವಿಡ್ ಥೋರೋನನ್ನು ತೋರಿಸುತ್ತಾರೆ. 1845ರಲ್ಲಿ ಆತ ವಾಲ್ಡನ್ ಕೊಳದ ದಂಡೆಯಲ್ಲಿ 10 ಅಡಿ ಅಗಲ, 15 ಅಡಿ ಉದ್ದದ ಗುಡಿಸಲನ್ನು ಇಪ್ಪತ್ತೆಂಟು ಡಾಲರುಗಳ ಸುಮಾರಿನ ಖರ್ಚಿನಲ್ಲಿ ಕಟ್ಟಿಕೊಂಡು ಎರಡು ವರ್ಷ ಎರಡು ತಿಂಗಳು ವಾಸಿಸಿದ. ನಾನು ಆತನ ಅಭಿಮಾನಿ. ಆದರೆ ಅಲ್ಲಿ ಆತನೊಬ್ಬನೇ ಇದ್ದನೆಂಬುದನ್ನು ಮರೆಯಬಾರದು. ಹೆಂಡತಿಯಿಲ್ಲ, ಪರೀಕ್ಷೆಗೆ ಓದುವ ಮಗುವಿಲ್ಲ, ಮಂಡಿನೋವಿನ ತಾಯಿಯಿಲ್ಲ; ತಾಯಿಯ ಮನೆ ನಡೆದುಹೋಗುವಷ್ಟು ದೂರದಲ್ಲಿತ್ತು, ಆಗಾಗ ಹೋಗಿ ಬರುತ್ತಿದ್ದ. ಆತ ತನ್ನ ಮೇಜಿನ ಮೇಲಿದ್ದ ಮೂರು ಸುಣ್ಣಕಲ್ಲಿನ ತುಣುಕುಗಳನ್ನು, ದಿನವೂ ಧೂಳು ಒರೆಸಬೇಕಾಗುತ್ತದೆಂದು ಹೊರಗೆಸೆದ ಪ್ರಸಂಗ ಪ್ರಸಿದ್ಧವಾದುದು. ಆತನ ಭಕ್ತರು ಅಲಕ್ಷಿಸುವ ಅಂಶವೊಂದು ಅದರಲ್ಲಿದೆ. ಎಸೆದ ಕಲ್ಲುಗಳು ಆತನವೇ ಆಗಿದ್ದವು.

ಈಗ ನನ್ನ ತಪ್ಪೊಪ್ಪಿಗೆ.

ನಾನು 2018ರಲ್ಲಿ ನಿವೃತ್ತನಾದೆ. 2022ರಲ್ಲಿ ಊರಿನ ಹೆಂಚಿನ ಮನೆಯನ್ನು ಮಾರಿ, ಬೆಂಗಳೂರಿನಲ್ಲಿ ಮಗ ವಾಸವಾಗಿರುವ ಇಪ್ಪತ್ತು–ಮೂವತ್ತರ ನಿವೇಶನದ ಮನೆಯ ಮೊದಲ ಮಹಡಿಗೆ ಬಂದೆವು. ಗೋಡೆ, ಮೆಟ್ಟಿಲುಗಳನ್ನು ಕಳೆದರೆ, ನಾನೇ ಟೇಪು ಹಿಡಿದು ಅಳೆದಂತೆ, ಉಳಿಯುವುದು 430 ಚದರಡಿ. ಮಗ, ಸೊಸೆ, ಮೊಮ್ಮಗಳು, ನಾವಿಬ್ಬರು ಸೇರಿ ಐದು ಜನ. ತಲೆಗೆ 86 ಚದರಡಿ.

ಹೊರಡುವ ಮುನ್ನ ನೋಟ್‌ಬುಕ್ಕಿನಲ್ಲಿ 'ಬೇಕು', 'ಬೇಡ' ಎಂದು ಎರಡು ಕಂಬಸಾಲು ಎಳೆದು ಪಟ್ಟಿ ಮಾಡಿದವನು ನಾನು. 'ಬೇಡ'ದ ಕೆಳಗೆ 47 ಪದಾರ್ಥಗಳಿದ್ದವು. ಹಿತ್ತಾಳೆಯ ಕೊಳಗ, ತಾಮ್ರದ ಹಂಡೆ, ಬೀಸುವ ಕಲ್ಲು, ಚಕ್ಕುಲಿ ಒರಳು, ಈಳಿಗೆಮಣೆ, ಒಬ್ಬಟ್ಟಿನ ಹಂಚು, ಹೀಗೆ 41 ಅಡುಗೆಮನೆಯವು. ಉಳಿದ ಆರು ಮುರಿದ ಕುರ್ಚಿ, ಕೆಟ್ಟ ಫ್ಯಾನು ಇತ್ಯಾದಿ. ನನ್ನ ಪುಸ್ತಕದ ಬೀರುಗಳು ಮೂರೂ 'ಬೇಕು' ಸಾಲಿನಲ್ಲಿ ಮೊದಲ ಸ್ಥಾನದಲ್ಲಿದ್ದವು. ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ ಕಲಿಸಿದವನು ಈ ಪಟ್ಟಿಯನ್ನು ಒಮ್ಮೆಯೂ ಕೂಡಿಸಿ ನೋಡಲಿಲ್ಲ.

ಹಳೆಯ ಪಾತ್ರೆಯ ವ್ಯಾಪಾರಿ ಬಂದು ಎಲ್ಲವನ್ನೂ ತೂಕಕ್ಕೆ ಹಾಕಿದ. ಕೊಳಗವನ್ನು ತಕ್ಕಡಿಯಲ್ಲಿಟ್ಟಾಗ ಅದರ ಕಂಠದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೊರೆದಿದ್ದ ನನ್ನ ಶ್ರೀಮತಿಯ ಹೆಸರೂ ನಮ್ಮ ಮದುವೆಯ ದಿನಾಂಕವೂ ಕಾಣಿಸಿದವು. ಅವಳ ತವರಿನವರು ಕೊಟ್ಟದ್ದು. ಅವಳು ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದಳು. ನಾನು ಹಣವನ್ನು ಎಣಿಸಿ ಜೇಬಿಗಿಟ್ಟುಕೊಂಡೆ.

ಎರಡು ವರ್ಷ ಅವಳು ಆ ವಿಷಯವನ್ನು ಎತ್ತಲಿಲ್ಲ. 2024ರ ಬೇಸಿಗೆಯಲ್ಲಿ ಒಂದು ರಾತ್ರಿ, ಮೊಮ್ಮಗಳು ಎಂದಿನಂತೆ ಹಜಾರದಲ್ಲಿ ಓಡಾಡುವ ದಾರಿಯಲ್ಲೇ ಚಾಪೆ ಹಾಸಿ ಮಲಗಿದ್ದಾಗ, "ನಿಮ್ಮ ಬೀರು ಎರಡು ಇಲ್ಲದಿದ್ದರೆ ಮಗುವಿಗೊಂದು ಮಂಚ ಹಾಕಬಹುದಿತ್ತು, ಅಲ್ಲವೇ?" ಎಂದಳು. ಅಷ್ಟೇ. ಕೊಳಗದ ಹೆಸರನ್ನು ಆಗಲೂ ಎತ್ತಲಿಲ್ಲ.

ಮರುದಿನ ಲೆಕ್ಕ ಹಾಕಿದೆ. ಹಂತಗಳಿಲ್ಲದ ಉತ್ತರಕ್ಕೆ ನಾನು ಅಂಕ ಕೊಡುತ್ತಿರಲಿಲ್ಲವೆಂಬುದು ನಿಮಗೆ ನೆನಪಿದೆ. ಆದುದರಿಂದ ಹಂತಗಳನ್ನೂ ಕೊಡುತ್ತೇನೆ. ಬೀರುವಿನ ಅಗಲ 3 ಅಡಿ, ಆಳ ಒಂದೂವರೆ ಅಡಿ. ನೆಲ ನಾಲ್ಕೂವರೆ ಚದರಡಿ. ಎರಡು ಬಾಗಿಲುಗಳು ತೆರೆಯಲು ಮುಂದೆಯೂ ಅಷ್ಟೇ ಜಾಗ ಬಿಡಬೇಕು. ಒಟ್ಟು 9. ಎರಡು ಬೀರುಗಳಿಗೆ 18. ಆರಡಿ ಉದ್ದ, ಮೂರಡಿ ಅಗಲದ ಒಂದು ಮಂಚಕ್ಕೆ ಬೇಕಾದ ನೆಲವೂ ಸರಿಯಾಗಿ 18 ಚದರಡಿ. ಆ ಬೀರುಗಳಲ್ಲಿದ್ದದ್ದೇನು? ಬಿ.ಎಡ್. ಓದುವಾಗ ಬರೆದ ಪಾಠಯೋಜನೆಗಳು, ಹಳೆಯ ಪಠ್ಯಪುಸ್ತಕಗಳು, ಪ್ರಶ್ನೆಪತ್ರಿಕೆಗಳ ಕಟ್ಟು, ಮತ್ತೆ ಓದುವೆನೆಂದು ಹೊಲಿಸಿಟ್ಟ ವಾರಪತ್ರಿಕೆಗಳು. ಎರಡು ವರ್ಷಗಳಲ್ಲಿ ಆ ಬಾಗಿಲುಗಳನ್ನು ನಾನು ತೆರೆದದ್ದು ನುಸಿಗುಳಿಗೆ ಹಾಕಲು ಮಾತ್ರ. ಮಗುವಿನ ಮಂಚದ ಮೇಲೆ ನನ್ನ ಅಹಂಕಾರ ಮಲಗಿತ್ತು.

"ಒಂದು ವರ್ಷ ಬಳಸದ ವಸ್ತುವನ್ನು ಬಿಸಾಡಿ" ಎಂಬ ಸೂತ್ರವನ್ನು ಇಂದಿನ ಮನೆ ಜೋಡಿಸುವ ಪಂಡಿತರು ಬೋಧಿಸುತ್ತಾರೆ. ಈ ಸೂತ್ರ ನನ್ನ ಬೀರುವಿಗೆ ಅನ್ವಯಿಸಲಿಲ್ಲ. ಗೌರಿಹಬ್ಬ, ಯುಗಾದಿಗಳಿಗೆ ತಪ್ಪದೆ ಕೆಳಗಿಳಿಯುತ್ತಿದ್ದ ಒಬ್ಬಟ್ಟಿನ ಹಂಚಿಗೆ ಅನ್ವಯಿಸಿತು! ಸೂತ್ರ ಹಿಡಿದವನ ವಸ್ತುವಿಗೆ 'ಜ್ಞಾನ'ವೆಂಬ ಹೆಸರು, ಇತರರದ್ದಕ್ಕೆ 'ರಾಶಿ'ಯೆಂಬ ಹೆಸರು. ಓರಣದ ಕಲೆಯಿಂದ ಜಗತ್ಪ್ರಸಿದ್ಧರಾದ ಜಪಾನಿನ ಮೇರಿ ಕೊಂಡೊ ಅವರು, ಮೂರು ಮಕ್ಕಳ ತಾಯಿಯಾದ ಮೇಲೆ ಮನೆಯನ್ನು ಓರಣವಾಗಿಡುವ ಪ್ರಯತ್ನವನ್ನು ಹೆಚ್ಚುಕಡಿಮೆ ಕೈಬಿಟ್ಟಿರುವುದಾಗಿ 2023ರಲ್ಲಿ ತಾವೇ ಹೇಳಿಕೊಂಡರು. ಆಕೆಯ ಮೇಲೆ ನನಗೆ ಗೌರವ ಹೆಚ್ಚಿತು. ಆಕೆಯ ಹೆಸರು ಹೇಳಿಕೊಂಡು ಅತ್ತೆಯ ಪಾತ್ರೆ ಮಾರುವವರ ಮೇಲೆ ಹೆಚ್ಚಲಿಲ್ಲ.

ನಮ್ಮ ನಾಡಿನಲ್ಲಿ ಬೇರುಬಿಟ್ಟ ಜೈನ ಧರ್ಮ ಈ ವಿಷಯವನ್ನು ಬಹಳ ಹಿಂದೆಯೇ ಯೋಚಿಸಿದೆ. ಮುನಿಗಳಿಗೆ ಪೂರ್ಣ ಅಪರಿಗ್ರಹ. ಗೃಹಸ್ಥರಿಗೆ ಪರಿಗ್ರಹ ಪರಿಮಾಣವೆಂಬ ಅಣುವ್ರತ. ಹೊಲ, ಮನೆ, ಬೆಳ್ಳಿ, ಬಂಗಾರ, ಧಾನ್ಯ ಮುಂತಾದವುಗಳಲ್ಲಿ ತನಗೆ ಇಷ್ಟು ಸಾಕೆಂದು ಗೃಹಸ್ಥನು ತನಗೆ ತಾನೇ ಮಿತಿ ಹಾಕಿಕೊಳ್ಳುವುದು ಆ ವ್ರತ. 'ತನಗೆ ತಾನೇ' ಎಂಬಲ್ಲಿ ಅದರ ಸತ್ವವಿದೆ. ಇನ್ನೊಬ್ಬರ ಕೈಯಿಂದ ಕಿತ್ತು ಹೊರಗೆಸೆದರೆ ಅದು ವ್ರತವಾಗದು, ಜಪ್ತಿಯಾಗುತ್ತದೆ.

"ಹಾಗಾದರೆ ಐವರೂ ತಮ್ಮದನ್ನು ಬಿಡಲೊಲ್ಲೆವೆಂದರೆ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನನ್ನ ಅನುಭವ ಬೇರೆಯಾಗಿದೆ. ನಾನು ಎರಡು ಬೀರುಗಳನ್ನು ಖಾಲಿ ಮಾಡಲು ನಾಲ್ಕು ತಿಂಗಳು ಹಿಡಿಯಿತು. ಉಪಯೋಗಕ್ಕೆ ಬರುವ ಪುಸ್ತಕಗಳನ್ನು ನಿಮ್ಮಲ್ಲೇ ಕೆಲವರು ಬಂದು ಒಯ್ದಿರಿ. ಪಾಠಯೋಜನೆಗಳನ್ನು ರದ್ದಿಗೆ ಹಾಕಿದ ದಿನ ನನಗೆ ಊಟ ಸೇರಲಿಲ್ಲ. ಕೊಳಗ ತೂಗಿದ ದಿನ ಅವಳಿಗೆ ಹೇಗಾಗಿರಬೇಕೆಂದು ಆಗ ತಿಳಿಯಿತು. ನಾನು ಯಾರಿಗೂ ಏನೂ ಹೇಳದಿದ್ದರೂ, ಬಟ್ಟೆ ಒಣಗಿಸುವುದಕ್ಕಷ್ಟೇ ಉಪಯೋಗವಾಗುತ್ತಿದ್ದ ವ್ಯಾಯಾಮದ ಸೈಕಲ್ಲನ್ನು ಮಗ ಮಾರಿದ. ಸೊಸೆ ಅಟ್ಟದ ಮೇಲಿನ ಖಾಲಿ ರಟ್ಟಿನ ಪೆಟ್ಟಿಗೆಗಳನ್ನೆಲ್ಲ ಇಳಿಸಿದಳು. ಮಂಚ ಬಂದಿತು.

ಇನ್ನೊಂದು ಮಾತು. ನನ್ನ ಬಾಲ್ಯದ ಮನೆಯೂ ದೊಡ್ಡದಾಗಿರಲಿಲ್ಲ. ಆದರೆ ಏಣಿ ಎದುರುಮನೆಯದು, ಮದುವೆಯ ಕಡಾಯಿಗಳು ದೇವಸ್ಥಾನದವು, ತೊಟ್ಟಿಲು ಬಾಣಂತಿ ಇರುವ ಮನೆಗೆ ಸುತ್ತುತ್ತಿತ್ತು. ಎಲ್ಲ ಮನೆಯಲ್ಲೂ ಎಲ್ಲವೂ ಇರಬೇಕೆಂಬ ಹಟವಿಲ್ಲದಿದ್ದರೆ ಚಿಕ್ಕ ಮನೆ ಸಾಲುತ್ತದೆ. ಈಗ ನಮ್ಮ ಕಟ್ಟಡದ ಮೂರು ಸಂಸಾರಗಳಿಗೆ ಒಂದೇ ಏಣಿ, ಒಂದೇ ದೊಡ್ಡ ಇಡ್ಲಿ ಪಾತ್ರೆ ಮೆಟ್ಟಿಲ ಕೆಳಗಿವೆ. ಇದುವರೆಗೆ ಜಗಳವಾಗಿಲ್ಲ.

ಆದುದರಿಂದ, ಫೋನ್ ಮಾಡಿದ ಆ ನನ್ನ ವಿದ್ಯಾರ್ಥಿಗೆ: ಮೊದಲು ನಿನ್ನ ಫ್ಲ್ಯಾಟಿನಲ್ಲಿ ನಿನ್ನದೆಂಬುದೆಲ್ಲವನ್ನೂ ಅಳೆದು ಬರೆ. ಅದರಲ್ಲಿ ಅರ್ಧವನ್ನು ಹೊರಗೆ ಕಳುಹಿಸು. ಖಾಲಿಯಾದ ಜಾಗವನ್ನು ಅಮ್ಮನಿಗೆ ತೋರಿಸಿ, "ಇಷ್ಟು ಜಾಗ ನಿಮ್ಮದು, ಏನು ತರಬೇಕೋ ನೀವೇ ಆರಿಸಿ" ಎಂದು ಹೇಳು. ಅವರು ಒಂದು ಕೊಳಗವನ್ನೇ ತಂದರೆ ತರಲಿ. ಅಕ್ಕಿ ತುಂಬಿಡಲು ಬರುತ್ತದೆ.

ಮಾರಿದ ಮೇಲೆ ಹುಡುಕಬಹುದೆಂದು ಮಾತ್ರ ತಿಳಿಯಬೇಡ. ಆ ವ್ಯಾಪಾರಿಯ ಅಂಗಡಿಗೆ ಕಳೆದ ವರ್ಷ ನಾನು ಹೋಗಿ ಬಂದೆ. "ಅದೆಲ್ಲ ಆಗಲೇ ಕರಗಿರುತ್ತದೆ ಸ್ವಾಮಿ" ಎಂದ.

ಇತಿ,
ನಿಮ್ಮ ಗಣಿತದ ಮೇಷ್ಟರು