ಆಟದ ನಿಯಮ ಬರೆದಾಕೆ

ಯುಗಾದಿಯ ಬೇವು-ಬೆಲ್ಲ ಮುಗಿದು, ಪರೀಕ್ಷೆಗಳೂ ಮುಗಿದು, ಮಕ್ಕಳಿಗೆ ರಜೆ ಬಂದಿತೆಂದರೆ ಮನೆಯ ಹಿರಿಯರಿಗೆ ಓದಲು ದೊರೆಯುವ ಹೊತ್ತು ಬಲು ಕಡಿಮೆ. ಆದರೂ ಚೈತ್ರದ ಮಧ್ಯಾಹ್ನಗಳಿಗೆಂದು ಪ್ರತಿವರ್ಷವೂ ಒಂದು ಪುಸ್ತಕವನ್ನು ತೆಗೆದಿರಿಸಿಕೊಳ್ಳುವುದು ನನ್ನ ಹಳೆಯ ಅಭ್ಯಾಸ. ಈ ಸಲ ಕೈಗೆ ಬಂದುದು ಮೇರಿ ಪೈಲನ್ ಎಂಬ ಅಮೆರಿಕದ ಪತ್ರಕರ್ತೆ 2015ರಲ್ಲಿ ಪ್ರಕಟಿಸಿದ ‘ದಿ ಮೊನೊಪೊಲಿಸ್ಟ್ಸ್’. ಲೋಕಪ್ರಸಿದ್ಧವಾದ ಮಣೆಯಾಟವೊಂದು ಹುಟ್ಟಿದ ಬಗೆಯನ್ನು ಹೇಳುವ ಗ್ರಂಥ.

ನಾನು ಓದುತ್ತಿದ್ದಂತೆ ನಡುಮನೆಯಲ್ಲಿ ಮಕ್ಕಳು ‘ಬಿಸಿನೆಸ್’ ಆಟ ಹೂಡಿದ್ದರು. ದಾಳ ಉರುಳಿಸಿ, ನಗರಗಳನ್ನು ಕೊಂಡು, ಅಲ್ಲಿಗೆ ಬಂದಿಳಿದವರಿಂದ ಬಾಡಿಗೆ ವಸೂಲು ಮಾಡುವ ಈ ಆಟವನ್ನು ಕಾಣದ ಮನೆ ಅಪರೂಪ. ಗಂಟೆ ಕಳೆಯುವುದರೊಳಗೆ ಮಗಳು ಎದ್ದುಬಂದು ನನ್ನ ಕುರ್ಚಿಯ ಬಳಿ ಮುಖ ಊದಿಸಿಕೊಂಡು ಕುಳಿತಳು. ಅವಳ ಊರುಗಳೆಲ್ಲ ಅಣ್ಣನ ಪಾಲಾಗಿದ್ದವು. ಒಳಗಿನಿಂದ ಅವನು ಕೂಗಿದ: “ನಾನೇನೂ ಮೋಸ ಮಾಡಲಿಲ್ಲ ಅಪ್ಪಾ, ನಿಯಮ ಇರುವುದೇ ಹಾಗೆ!”

ಹುಡುಗ ಹೇಳಿದುದು ನಿಜ. ಆದರೆ ಆ ನಿಯಮವನ್ನು ಬರೆದವರಾರು, ಏತಕ್ಕಾಗಿ ಬರೆದರು ಎಂಬುದೇ ನನ್ನ ಕೈಯಲ್ಲಿದ್ದ ಪುಸ್ತಕದ ವಿಷಯ.

ನಮ್ಮ ‘ಬಿಸಿನೆಸ್’ ಆಟವು ಅಮೆರಿಕದ ‘ಮೊನೊಪೊಲಿ’ಯ ವಂಶದ್ದು, ಆ ಮೊನೊಪೊಲಿಯ ತಾಯಿ ಎಲಿಜಬೆತ್ ಮ್ಯಾಗಿ. 1866ರಲ್ಲಿ ಇಲಿನಾಯ್ ಸಂಸ್ಥಾನದಲ್ಲಿ ಹುಟ್ಟಿದ ಈಕೆ ಶೀಘ್ರಲಿಪಿ ಬರೆದು ಜೀವನ ಸಾಗಿಸುತ್ತಿದ್ದಳು. ಭೂಮಿಯ ಬೆಲೆ ಏರುವುದು ಊರಿನವರೆಲ್ಲರ ದುಡಿಮೆಯಿಂದ. ಆದುದರಿಂದ ಆ ಲಾಭ ಒಡೆಯನೊಬ್ಬನಿಗೆ ಸೇರದೆ ಸಮಾಜಕ್ಕೆ ಸೇರಬೇಕೆಂದು ಹೆನ್ರಿ ಜಾರ್ಜ್ ಎಂಬ ಚಿಂತಕನು 1879ರ ತನ್ನ ಗ್ರಂಥದಲ್ಲಿ ಸಾರಿದ್ದನು. ಈ ತತ್ತ್ವವನ್ನು ಭಾಷಣದಿಂದಲ್ಲ, ಆಟದಿಂದ ಜನರಿಗೆ ಮನಗಾಣಿಸಬೇಕೆಂದು ಮ್ಯಾಗಿ ನಿಶ್ಚಯಿಸಿದಳು. ಆಕೆಯ ‘ಜಮೀನುದಾರನ ಆಟ’ಕ್ಕೆ 1904ರ ಜನವರಿ 5ರಂದು ಪೇಟೆಂಟ್ ದೊರೆಯಿತು.

ಆಕೆಯ ಜಾಣ್ಮೆ ಎಲ್ಲಿದೆ ನೋಡಿ. ನಮ್ಮ ಪಗಡೆ, ಚೌಕಾಬಾರಗಳಲ್ಲಿ ಕಾಯಿ ಹಣ್ಣಾಯಿತೆಂದರೆ ಅದರ ಪ್ರಯಾಣ ಮುಗಿಯಿತು. ಮ್ಯಾಗಿಯ ಮಣೆಯಲ್ಲಿ ತಲುಪಬೇಕಾದ ಮನೆಯೆಂಬುದೇ ಇಲ್ಲ. ಕಾಯಿ ಸುತ್ತುತ್ತಲೇ ಇರುತ್ತದೆ. ಸುತ್ತು ಮುಗಿದಾಗ ಕೂಲಿ ಬರುತ್ತದೆ, ಮುಂದಿನ ಸುತ್ತಿನ ಬಾಡಿಗೆ ಅದನ್ನು ನುಂಗುತ್ತದೆ. ದುಡಿದರೂ ಕೈ ಬರಿದಾಗುವುದೇಕೆ ಎಂಬುದನ್ನು ಆಡುವವನು ತಾನೇ ಕಾಣಬೇಕು.

ಅಷ್ಟೇ ಅಲ್ಲ, ಮುಂದೆ ಅದೇ ಮಣೆಗೆ ಆಕೆ ಎರಡು ಬಗೆಯ ನಿಯಮಗಳನ್ನು ಕೊಟ್ಟಳು. ಒಂದರಲ್ಲಿ ಒಬ್ಬನು ಉಳಿದವರನ್ನೆಲ್ಲ ದಿವಾಳಿ ಎಬ್ಬಿಸಿ ಗೆಲ್ಲುತ್ತಾನೆ. ಇನ್ನೊಂದರಲ್ಲಿ ನೆಲದ ಬಾಡಿಗೆ ಸಾರ್ವಜನಿಕ ಬೊಕ್ಕಸಕ್ಕೆ ಹೋಗುತ್ತದೆ. ಎಲ್ಲರಿಗಿಂತ ಬಡವನಾದವನ ಹಣ ಇಮ್ಮಡಿಯಾದಾಗ ಎಲ್ಲರೂ ಗೆದ್ದಂತೆ.

ಜನ ಆರಿಸಿಕೊಂಡದ್ದು ಮೊದಲನೆಯದನ್ನೇ! ಕೈಯಿಂದ ಬರೆದ ಮಣೆಗಳ ಮೂಲಕ ಅದು ಕಾಲೇಜುಗಳಿಗೂ ಮನೆಗಳಿಗೂ ಹಬ್ಬಿತು. ಸ್ನೇಹಿತರ ಮನೆಯಲ್ಲಿ ಅದನ್ನು ಕಲಿತ ಚಾರ್ಲ್ಸ್ ಡ್ಯಾರೋ ಎಂಬಾತ ತನ್ನದೇ ಸೃಷ್ಟಿಯೆಂದು 1935ರಲ್ಲಿ ಪಾರ್ಕರ್ ಬ್ರದರ್ಸ್ ಸಂಸ್ಥೆಗೆ ಮಾರಿ ಶ್ರೀಮಂತನಾದನು. ಮ್ಯಾಗಿಯ ಪೇಟೆಂಟನ್ನು ಆ ಸಂಸ್ಥೆ ಕೊಂಡದ್ದು ಕೇವಲ 500 ಡಾಲರಿಗೆ. ಮಾರಾಟದಲ್ಲಿ ಆಕೆಗೆ ಬಿಡಿಗಾಸಿನ ಪಾಲೂ ಇರಲಿಲ್ಲ. 1948ರಲ್ಲಿ ಆಕೆ ತೀರಿಕೊಂಡಾಗ ಆಟದ ತಾಯಿ ಹೋದಳೆಂದು ಲೋಕಕ್ಕೆ ತಿಳಿಯಲಿಲ್ಲ. 1970ರ ದಶಕದಲ್ಲಿ ರಾಲ್ಫ್ ಆನ್ಸ್‌ಪ್ಯಾಕ್ ಎಂಬ ಅರ್ಥಶಾಸ್ತ್ರದ ಪ್ರಾಧ್ಯಾಪಕ ತನ್ನ ‘ಆ್ಯಂಟಿ-ಮೊನೊಪೊಲಿ’ ಆಟದ ಹೆಸರಿಗಾಗಿ ವ್ಯಾಜ್ಯ ಹೂಡಬೇಕಾಗಿ ಬಂದು, ಸಾಕ್ಷ್ಯ ಹುಡುಕುತ್ತ ಹೋದಾಗ ಆಕೆಯ ಹೆಸರು ಮತ್ತೆ ಬೆಳಕಿಗೆ ಬಂದಿತು.

ಸಂಜೆ ಮಕ್ಕಳನ್ನು ಕೂರಿಸಿಕೊಂಡು ಈ ಕಥೆ ಹೇಳಿದೆ. ಮಣೆಯ ನಡುವೆ ಒಂದು ಬಟ್ಟಲಿಟ್ಟು, ಬಾಡಿಗೆಯನ್ನೆಲ್ಲ ಅದರಲ್ಲಿ ಹಾಕಿ, ಮ್ಯಾಗಿಯ ಎರಡನೆಯ ಬಗೆಯಂತೆ ಆಡಿ ನೋಡಿದೆವು. ಅರ್ಧ ಗಂಟೆಯಲ್ಲಿ ಮಗ ಆಕಳಿಸಿದ. “ಸೋಲುವವರೇ ಇಲ್ಲವೆಂದ ಮೇಲೆ ಗೆದ್ದು ಏನು ಸುಖ ಅಪ್ಪಾ?” ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಒಳ್ಳೆಯ ನಿಯಮ ಬರೆಯುವುದು ಒಂದು ಕಷ್ಟ. ಅದನ್ನು ಆಡಬೇಕೆನ್ನಿಸುವಂತೆ ಬರೆಯುವುದು ಅದಕ್ಕಿಂತ ಹೆಚ್ಚಿನ ಕಷ್ಟ. ಮ್ಯಾಗಿ ಸೋತದ್ದೂ ಬಹುಶಃ ಇಲ್ಲಿಯೇ.

ಅಷ್ಟರಲ್ಲಿ ಮಗಳು, “ಬಾಡಿಗೆ ಅಣ್ಣನೇ ತೆಗೆದುಕೊಳ್ಳಲಿ. ಆದರೆ ಪ್ರತಿ ಬಾಡಿಗೆಯಲ್ಲೂ ಒಂದು ನೋಟು ಬಟ್ಟಲಿಗೆ ಹಾಕಲಿ. ದಿವಾಳಿಯಾದವರು ಒಂದೇ ಒಂದು ಸಲ ಅದನ್ನು ತೆಗೆದುಕೊಂಡು ಮತ್ತೆ ಆಡಬಹುದು,” ಎಂದಳು. ಅಣ್ಣ ಗೊಣಗಿ ಒಪ್ಪಿದ. ಆ ರಾತ್ರಿ ಊಟಕ್ಕೆ ಇಬ್ಬರನ್ನೂ ಮೂರು ಸಲ ಕರೆಯಬೇಕಾಯಿತು.

ಮರುದಿನ ನೋಡುತ್ತೇನೆ, ಡಬ್ಬಿಯ ಮುಚ್ಚಳದ ಒಳಗೆ ಪೆನ್ಸಿಲಿನಿಂದ ಆ ನಿಯಮವನ್ನು ಬರೆದು, ಕೆಳಗೆ ತನ್ನ ಹೆಸರನ್ನೂ ಸಣ್ಣದಾಗಿ ಬರೆದಿದ್ದಾಳೆ. ಶಾಯಿಯಲ್ಲಿ, ದೊಡ್ಡ ಅಕ್ಷರದಲ್ಲಿ ತಿದ್ದಿ ಬರೆಯಮ್ಮ ಎಂದು ನನ್ನ ಪೆನ್ನನ್ನು ಕೊಟ್ಟೆ.