ಬಾಡಿಗೆ ರಾಕೆಟ್ಟಿಗೆ ನಾಚಿಕೆ ಯಾಕೆ?

2024ರ ನವೆಂಬರಿನಲ್ಲಿ ನಮ್ಮ ಜಿಸ್ಯಾಟ್-ಎನ್2 ಉಪಗ್ರಹ ಅಮೆರಿಕದ ಫಾಲ್ಕನ್-9 ಏರಿ ಹೋಯಿತು. 'ನಮ್ಮದೇ ರಾಕೆಟ್ ಇಲ್ವಾ?' ಅಂತ ಕೆಲವರ ಗೊಣಗಾಟ. ಇದೆ. ಆದರೆ ನಮ್ಮ ಎಲ್‌ವಿಎಂ-3 ಆಗ ಹೊರುತ್ತಿದ್ದದ್ದು ಸುಮಾರು 4 ಟನ್. ಇದರ ತೂಕ 4,700 ಕಿಲೋ. ಗಾಡಿಗೆ ಮೀರಿದ ಹೊರೆಗೆ ಲಾರಿ ಬಾಡಿಗೆಗೆ ಹಿಡಿಯುವವರು ನಾವು, ಇದರಲ್ಲೇನು ಅವಮಾನ? 1981ರಲ್ಲಿ ಆಪಲ್ ಹೋದದ್ದೂ ಯುರೋಪಿನ ಏರಿಯಾನ್‌ನಲ್ಲೇ. (ಅದನ್ನು ಪರೀಕ್ಷೆಗಾಗಿ ಎತ್ತಿನ ಗಾಡಿಯಲ್ಲಿಟ್ಟ ಫೋಟೋ ನೀವೂ ನೋಡಿರಬಹುದು.)

ರಾಕೆಟ್ ಬಿಟ್ಟು ಬರುವುದು ಅರ್ಧ ದಾರಿಯಲ್ಲಿ, ಮೊಟ್ಟೆಯಾಕಾರದ ಪಥದಲ್ಲಿ. ಅಲ್ಲಿಂದ ಉಪಗ್ರಹದ ಸ್ವಂತ ಎಂಜಿನ್ ಉರಿಸಿ 36,000 ಕಿ.ಮೀ. ಎತ್ತರಕ್ಕೆ ಮುಟ್ಟಿಸುವವರು ನಮ್ಮ ಹಾಸನದ ಕೇಂದ್ರದವರು. ಅಲ್ಲಿ ಭೂಮಿಯ ಜೊತೆಗೇ ಸುತ್ತುವುದರಿಂದ ನಾವು ಡಿಶ್ ತಿರುಗಿಸುತ್ತಾ ಕೂರಬೇಕಿಲ್ಲ.

ನನ್ನ ತಕರಾರು ಬೇರೆ. ನೆತ್ತಿಯ ಕಡೆಯಿಂದ ಬರುವ ತರಂಗಕ್ಕೆ ಗುಡ್ಡ ಅಷ್ಟಾಗಿ ಅಡ್ಡ ಬರುವುದಿಲ್ಲ. ಟವರ್ ಸಿಗದ ಕಣಿವೆ ತೋಟಗಳಿಗೆ ಹೇಳಿಮಾಡಿಸಿದ್ದು. ಜೋರು ಮಳೆಗೆ ಸಿಗ್ನಲ್ ಕುಂದುತ್ತದೆ, ನಿಜ. ಆಟಿಯಲ್ಲಿ ಫೋನ್ ತಂತಿಯೂ ಕಡಿಯುತ್ತಿತ್ತಲ್ಲ! ಆದರೆ ಡಿಶ್ಶು, ಮೋಡೆಮ್ಮು, ತಿಂಗಳ ಬಾಡಿಗೆ ಎಲ್ಲ ಬ್ಯಾಂಕು-ಕಂಪೆನಿಗಳ ಜೇಬಿಗೆ ಹೊಂದುವಂಥದ್ದು. ಸಹಕಾರಿ ಸಂಘಕ್ಕೊಂದು, ಹಾಲಿನ ಡಿಪೋಕ್ಕೊಂದು ಸಂಪರ್ಕ ಕೈಗೆಟಕುವ ದರದಲ್ಲಿ ಕೊಡಿ ಅಂತ ನಾವು ಗಟ್ಟಿಯಾಗಿ ಕೇಳಬೇಕಾದ್ದು ಇಲ್ಲಿ.