ಕಲ್ಲಿನ ಕಂಬ, ಬೆಳಕಿನ ಕಂಬ

ಚಾಮರಸನ ‘ಪ್ರಭುಲಿಂಗಲೀಲೆ’ಯ ಪುರಾಣಪ್ರವಚನವನ್ನು ಕೇಳಿ ಬೆಳೆದವರಿಗೆ ಗೋರಕ್ಷನ ಪ್ರಸಂಗ ಹೊಸತಲ್ಲ. ವಜ್ರದೇಹಿಯೆಂದು ಬೀಗುತ್ತಿದ್ದ ಆತನು ಬೀಸಿದ ಖಡ್ಗವು ಅಲ್ಲಮಪ್ರಭುವಿನ ಕಾಯವನ್ನು ಬರಿಯ ಬಯಲನ್ನು ಹಾಯುವಂತೆ ಹಾಯ್ದುಹೋಗುತ್ತದೆ. ಕಣ್ಣಿಗೆ ಕಂಡದ್ದು ಕೈಗೆ ಸಿಕ್ಕದು. ಪ್ರಭುವಿನ ನಿಲುವಿಗೂ ಯಂತ್ರದ ಚಮತ್ಕಾರಕ್ಕೂ ಹೋಲಿಕೆಯೇ ಸಲ್ಲದೆಂಬುದು ನಿಜ. ಆದರೂ ಇಂದಿನ ಮಿಶ್ರವಾಸ್ತವ ಕಲೆಯನ್ನು, ಅಂದರೆ ‘ಮಿಕ್ಸೆಡ್ ರಿಯಾಲಿಟಿ’ಯನ್ನು, ಗ್ರಾಮೀಣ ವಿದ್ಯಾರ್ಥಿಗೆ ವಿವರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ದೊರೆಯಲಾರದು. ನಿಜವಾದ ಸ್ಥಳದ ಮೇಲೆ, ಅಥವಾ ಅದರ ಚಿತ್ರದ ಮೇಲೆ, ಇಲ್ಲದ ಕಂಬ, ಇಲ್ಲದ ಗೋಪುರ, ಇಲ್ಲದ ಮೂರ್ತಿಗಳನ್ನು ಬೆಳಕಿನಿಂದ ನಿಲ್ಲಿಸುವ ಕಲೆ ಅದು.

ಅಲ್ಲಮನು ಮದ್ದಳೆ ನುಡಿಸಿದನೆಂದು ಆ ಕಾವ್ಯ ಹೇಳುವ ಮಧುಕೇಶ್ವರನ ಗುಡಿ ಇರುವುದು ಬನವಾಸಿಯಲ್ಲಿ, ದಾಸನಕೊಪ್ಪದವರ ಓಡಾಟದ ಸೀಮೆಯಲ್ಲಿಯೇ. ಕಾವ್ಯ ಹುಟ್ಟಿದ್ದಾದರೋ 15ನೆಯ ಶತಮಾನದಲ್ಲಿ, ಪ್ರೌಢದೇವರಾಯನ ವಿಜಯನಗರದಲ್ಲಿ. ಆ ವಿಜಯನಗರದ ಅವಶೇಷಗಳೇ ಈ ಹೊಸ ಕಲೆಯ ಒಂದು ಪ್ರಸಿದ್ಧ ಕೃತಿಗೆ ವಸ್ತುವಾದವು. ಜೆಫ್ರಿ ಶಾ ಮತ್ತು ಸಾರಾ ಕೆಂಡರ್‌ಡೈನ್ ಎಂಬಿಬ್ಬರು ರೂಪಿಸಿದ ‘ಪ್ಲೇಸ್–ಹಂಪಿ’ 2006ರಲ್ಲಿ ಫ್ರಾನ್ಸಿನ ಲಿಲ್ ನಗರದಲ್ಲಿ ಪ್ರದರ್ಶಿತವಾಯಿತು. 2012ರಲ್ಲಿ ತೋರಣಗಲ್ಲಿನ ಕಲಾಧಾಮದಲ್ಲಿ ನೆಲೆಗೊಂಡಿತು. ಸುತ್ತಲೂ ದುಂಡಾದ ಪರದೆ, ನಡುವೆ ತಿರುಗುವ ಪೀಠ. ಕನ್ನಡಕ ಧರಿಸಿದ ಪ್ರೇಕ್ಷಕನು ಪೀಠವನ್ನು ತಿರುಗಿಸಿದತ್ತ ಹಂಪಿಯ ಬಂಡೆಗಳು, ಮಂಟಪಗಳು ಆಳವನ್ನು ಪಡೆದು ತೆರೆದುಕೊಳ್ಳುತ್ತವೆ. ಅವುಗಳ ನಡುವೆ ಗಣಪತಿ, ಹನುಮಂತರು ಜೀವ ತಳೆದು ಚಲಿಸುತ್ತಾರೆ.

ದೇವರನ್ನು ಸಿನಿಮಾದ ಗೊಂಬೆ ಮಾಡಿದರೆಂದು ಆಕ್ಷೇಪಿಸುವವರು ಇದ್ದಾರು. ರಾತ್ರಿಯಿಡೀ ಯಕ್ಷಗಾನದ ಹನುಮಂತನನ್ನು ಕಂಡು ಕೈಮುಗಿಯುವ ಜಿಲ್ಲೆಯಲ್ಲಿ ಈ ಆಕ್ಷೇಪಕ್ಕೆ ಹೆಚ್ಚಿನ ಬಲವಿಲ್ಲ. ವಿಚಾರ ಮಾಡಬೇಕಾದ ಸಂಗತಿ ಬೇರೆಯೇ ಇದೆ.

ಹಂಪಿಯ ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥವನ್ನು ಇಂದು ನೋಡುವವರಿಗೆ ಅದರ ಮೇಲೊಂದು ಇಟ್ಟಿಗೆಯ ಶಿಖರವಿತ್ತೆಂಬುದು ಹೊಳೆಯುವುದೂ ಇಲ್ಲ. ಇತ್ತೆಂದು ತಿಳಿದಿರುವುದು 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರಗಳಿಂದ. ಆದುದರಿಂದ ಆ ಶಿಖರವನ್ನು ಗಣಕಯಂತ್ರದಲ್ಲಿ ಮರಳಿ ನಿಲ್ಲಿಸುವವನಿಗೆ ಆಧಾರವುಂಟು. ಮಹಾನವಮಿ ದಿಬ್ಬದ ಮಾತು ಹಾಗಲ್ಲ. ಅಲ್ಲಿ ಉಳಿದಿರುವುದು ಶಿಲೆಯ ಜಗತಿ ಮಾತ್ರ. ಅದರ ಮೇಲಿದ್ದ ಮರದ ಕಟ್ಟಡ ಅಳಿದುಹೋಗಿದೆ, ಅದರ ಚಿತ್ರವನ್ನು ಯಾರೂ ತೆಗೆದಿಟ್ಟಿಲ್ಲ. ಹೊಸ ಯಂತ್ರವು ಎರಡನ್ನೂ ಒಂದೇ ಕಾಂತಿಯಿಂದ ತೋರಿಸಬಲ್ಲದು. ಊಹೆಗೂ ಪ್ರಮಾಣಕ್ಕೂ ಅಲ್ಲಿ ಒಂದೇ ಬಣ್ಣ. ಗ್ರಂಥದಲ್ಲಿಯಾದರೆ ‘ಇದ್ದಿರಬಹುದು’ ಎಂಬ ಒಂದು ಪದ ಓದುಗನನ್ನು ಎಚ್ಚರಿಸುತ್ತದೆ. ಬೆಳಕಿನ ಕಂಬಕ್ಕೆ ಆ ಪದವನ್ನು ಎಲ್ಲಿ ಅಂಟಿಸುವುದು?

ಇನ್ನೊಂದು ತೊಡಕು ಇದಕ್ಕಿಂತ ನೋವಿನದು. ವಿರೂಪಾಕ್ಷನ ಗುಡಿಯ ಮುಂದಿನ ಬೀದಿಯ ಸಾಲುಮಂಟಪಗಳಲ್ಲಿ ಅಂಗಡಿ, ಮನೆ ಮಾಡಿಕೊಂಡಿದ್ದ ಕುಟುಂಬಗಳನ್ನು 2011ರಲ್ಲಿ ತೆರವು ಮಾಡಲಾಯಿತು. ಸ್ಮಾರಕದ ರಕ್ಷಣೆ ಅಗತ್ಯವೆಂಬುದು ನಿರ್ವಿವಾದ. ಆದರೆ ಮುಂದೆ ಆ ಬೀದಿಯನ್ನು ಯಂತ್ರದಲ್ಲಿ ಕಟ್ಟುವವನು ಯಾವ ಹಂಪಿಯನ್ನು ಕಟ್ಟಬೇಕು? ಅರಸರ ಕಾಲದ್ದನ್ನೋ, ಒಲೆಯ ಹೊಗೆಯಿದ್ದುದನ್ನೋ, ಬರಿದಾದುದನ್ನೋ? ಸ್ಥಾವರಕ್ಕಿಂತ ಜಂಗಮಕ್ಕೆ ಹೆಚ್ಚಿನ ಬೆಲೆ ಕೊಟ್ಟ ಶರಣರ ಪರಂಪರೆಯ ಶಾಲೆಯಲ್ಲಿ ಈ ಪ್ರಶ್ನೆ ಏಳದಿದ್ದರೆ ಮತ್ತೆಲ್ಲಿ ಏಳಬೇಕು?

ಈ ಕಾರ್ಯದಲ್ಲಿ ಕರ್ನಾಟಕದ ವಿದ್ಯಾಸಂಸ್ಥೆಗಳು ಹಿಂದುಳಿದಿಲ್ಲ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವಿನ ‘ಡಿಜಿಟಲ್ ಹಂಪಿ’ ಯೋಜನೆಯಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು ಪಾಲ್ಗೊಂಡಿತ್ತು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಅಧ್ಯಾಪಕರ ತ್ಯಾಗದಿಂದ ಆರಂಭವಾದ ಕೆ.ಎಲ್.ಇ. ಸಂಸ್ಥೆಗೆ ಸೇರಿದ ಕಾಲೇಜು ಅದು. ಇನ್ನು ಹಂಪಿಯ ನಕ್ಷೆಗಳ ಮಾತು: ಜಾರ್ಜ್ ಮಿಚೆಲ್, ಜಾನ್ ಫ್ರಿಟ್ಜ್ ಮತ್ತು ಅವರ ಸಂಗಡಿಗರು 1980ರಿಂದ ಮೊದಲ್ಗೊಂಡು ವರ್ಷವರ್ಷವೂ ಬಿಸಿಲಿನಲ್ಲಿ ನಿಂತು ಒಂದೊಂದು ಮಂಟಪವನ್ನೂ ಅಳೆದರು. ಯಂತ್ರದ ಮಾಯೆ ಕ್ಷಣದ್ದು. ಅದಕ್ಕೆ ತಳಹದಿಯಾಗಬಲ್ಲ ಅಳತೆ ದಶಕಗಳದು.

ದೃಶ್ಯಕನ್ನಡಕಗಳನ್ನು ಶಾಲೆಗಳಿಗೆ ಕೊಡಿಸುವ ಉತ್ಸಾಹ ಈಗ ಎಲ್ಲೆಡೆ ಕಾಣುತ್ತದೆ. ದಾನಿಗಳ ಉತ್ಸಾಹ ಸಹಜವಾದುದೇ. ಯಂತ್ರದ ಮೇಲೆ ಹೆಸರು ಬರೆಸಬಹುದು, ಅಳತೆಪಟ್ಟಿಯ ಮೇಲೆ ಬರೆಸಲಾಗದು. ಆದರೂ ಅಳತೆಪಟ್ಟಿಯೇ ಮೊದಲು ಬರಬೇಕು. ಅದರ ಜೊತೆಗೆ ಒಂದು ಛಾಯಾಚಿತ್ರಯಂತ್ರ, ದಪ್ಪ ರಟ್ಟಿನ ಕೆಲವು ಪುಸ್ತಕಗಳು ಇದ್ದರೆ ಸಾಕು. ಬನವಾಸಿಯ ಗುಡಿಯನ್ನು ಕಾಯಲು ಪುರಾತತ್ವ ಇಲಾಖೆಯುಂಟು. ಹಂಚಿನ ಮನೆಗಳಿಗೆ ಯಾರೂ ಇಲ್ಲ. ಒಂದೊಂದಾಗಿ ಅವು ಇಳಿದು ಸಿಮೆಂಟಿನ ಮಾಳಿಗೆ ಏಳುತ್ತಿವೆ. ಇಳಿಸುವ ಮುನ್ನ ನಕ್ಷೆ ಬರೆದಿಟ್ಟವರಿಲ್ಲ. ಒಂಬತ್ತನೆಯ ತರಗತಿಯ ಮಕ್ಕಳು ಗುರುಗಳೊಡನೆ ಹೋಗಿ ಪಡಸಾಲೆಯ ಉದ್ದಗಲ, ಕಂಬದ ಸುತ್ತಳತೆ, ಮಾಡಿನ ಇಳಿಜಾರು ಇವನ್ನು ಬರೆದುಕೊಳ್ಳಬೇಕು. ಅದೇ ಪುಟದಲ್ಲಿ, ಮನೆಯ ಅಜ್ಜಿಯನ್ನು ಕೇಳಿ, ಹಿರಿಯರು ಲಿಂಗಪೂಜೆಗೆ ಯಾವ ಮೂಲೆಯಲ್ಲಿ ಕೂಡುತ್ತಿದ್ದರು, ಸುಗ್ಗಿಯ ಭತ್ತ ಎಲ್ಲಿ ತುಂಬುತ್ತಿದ್ದರು, ತೊಟ್ಟಿಲನ್ನು ಯಾವ ತೊಲೆಗೆ ಕಟ್ಟುತ್ತಿದ್ದರು ಎಂಬುದನ್ನೂ.